ಭಾನುವಾರಕ್ಕೆ ಪೋರ್ಚುಗಲ್‌ನ ಹಳೇ ಆರ್ಗನ್ ಸಂಗೀತ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಪೋರ್ಚುಗಲ್‌ನ ಹಳೇ ಆರ್ಗನ್ (ಚರ್ಚುಗಳಲ್ಲಿರುವ, ಕೊಳವೆಗಳಿಂದ ನುಡಿಯುವ ದೊಡ್ಡ ವಾದ್ಯ) ಸಂಗೀತ ಕೇಳೋಣ. ಮೊದಲು ಮನುಯೆಲ್ ರೊದ್ರಿಗೆಸ್ ಕೊಯೆಲ್ಯು 1620ರಲ್ಲಿ ಲಿಸ್ಬನ್‌ನಲ್ಲಿ ಅಚ್ಚು ಹಾಕಿಸಿದ ಪುಸ್ತಕದ ಒಂದು ರಚನೆ, ಆಮೇಲೆ ಬ್ರಾಗಾ ಊರಿನ ಪೆದ್ರೊ ದೆ ಅರಾವುಜು ಅವರ ಯುದ್ಧದ ತುಣುಕು, ಅಂದರೆ ಯುದ್ಧದ ಸದ್ದನ್ನು ಅನುಕರಿಸುವ ರಚನೆ. ದಯವಿಟ್ಟು ಹೆಡ್‌ಫೋನ್ ಹಾಕಿಕೊಂಡೇ ಕೇಳಿ. ಅಲ್ಲಿನ ಆರ್ಗನ್‌ಗಳಲ್ಲಿ ಸಾಮಾನ್ಯವಾಗಿ ಒಂದೇ ಕೀಬೋರ್ಡ್, ಆದರೆ ಅದು ನಡುವೆ ಎರಡು ಭಾಗ ಆಗಿರುತ್ತೆ, ಹಾಗಾಗಿ ಎಡಗೈಗೆ ಮೆತ್ತನೆಯ ದನಿ, ಬಲಗೈಗೆ ಕಹಳೆಯಂಥ ಜೋರು ದನಿ ಇಟ್ಟು ಒಬ್ಬರೇ ನುಡಿಸಬಹುದು. ಆ ಕಹಳೆ ಕೊಳವೆಗಳು ನೆಟ್ಟಗೆ ನಿಂತಿರಲ್ಲ, ಅಡ್ಡಕ್ಕೆ ಹೊರಗೆ ಚಾಚಿರುತ್ತವೆ. ಯುದ್ಧದ ತುಣುಕಿನಲ್ಲಿ ಅದರ ಅಬ್ಬರ ಕೇಳಿ, ಮೈ ಜುಮ್ಮೆನ್ನುತ್ತೆ! ಪೋರ್ಚುಗಲ್‌ನ ಮಾಫ್ರಾ ಅರಮನೆಯ ಚರ್ಚಿನಲ್ಲಂತೂ ಆರ್ಗನ್ ಆರಿವೆ. ದೊಡ್ಡ ದುರಸ್ತಿ ಮುಗಿದು 2010ರಲ್ಲಿ ಆರೂ ಒಟ್ಟಿಗೆ ಮತ್ತೆ ನುಡಿದವು. ಅದರ ಧ್ವನಿಮುದ್ರಿಕೆ ಯಾರ ಹತ್ತಿರ ಇದ್ದರೂ ಶನಿವಾರದೊಳಗೆ ಇಲ್ಲಿ ಹಾಕಿ.