ಔಷಧಕ್ಕೆ ಬಗ್ಗದ ಸೋಂಕು: ಪರೀಕ್ಷೆ ಎಲ್ಲರಿಗೂ ಸಿಗಲಿ

ಮಾನ್ಯ ಸಂಪಾದಕರೇ,

ಆ್ಯಂಟಿಬಯಾಟಿಕ್‌ಗಳಿಗೆ ಬಗ್ಗದ ಬ್ಯಾಕ್ಟೀರಿಯಾಗಳ ಬಗ್ಗೆ ಚರ್ಚೆ ನಡೆದಾಗಲೆಲ್ಲ, ವೈದ್ಯರ ಚೀಟಿಯಿಲ್ಲದೆ ಮಾತ್ರೆ ನುಂಗುವ ರೋಗಿಯ ಮೇಲೆ ತಪ್ಪು ಹೊರಿಸಿ ಮಾತು ಮುಗಿಸುವುದು ರೂಢಿಯಾಗಿದೆ. ಆ ದೂರಿನಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಸೋಂಕಿಗೆ ಕಾರಣ ಬ್ಯಾಕ್ಟೀರಿಯಾವೋ ವೈರಸ್ಸೋ, ಬ್ಯಾಕ್ಟೀರಿಯಾವೇ ಆಗಿದ್ದರೆ ಅದು ಯಾವ ಔಷಧಕ್ಕೆ ಮಣಿಯುತ್ತದೆ ಎಂದು ತಿಳಿಸುವ ಪರೀಕ್ಷೆಯೇ ಕೈಗೆಟುಕದ ಕಡೆ ವೈದ್ಯರೂ ಊಹೆಯ ಮೇಲೆಯೇ ಔಷಧ ಬರೆಯಬೇಕಾಗುತ್ತದೆ ಎಂಬ ಸಂಗತಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಔಷಧ ಸಂವೇದನಾ ಪರೀಕ್ಷೆ ಎನ್ನುವ ಆ ಪರೀಕ್ಷೆಯಲ್ಲಿ ನಿಗೂಢವಾದದ್ದೇನೂ ಇಲ್ಲ. ರೋಗಿಯ ರಕ್ತ, ಮೂತ್ರ ಅಥವಾ ಕೀವಿನಿಂದ ಬೇರ್ಪಡಿಸಿ ಬೆಳೆಸಿದ ಬ್ಯಾಕ್ಟೀರಿಯಾವನ್ನು ಅಗರ್ ಎಂಬ ಪೋಷಕ ಲೋಳೆ ತುಂಬಿದ ತಟ್ಟೆಯ ಮೇಲೆ ಸವರಿ, ಬೇರೆ ಬೇರೆ ಔಷಧ ಹೀರಿಕೊಂಡ ಪುಟ್ಟ ಕಾಗದದ ಬಿಲ್ಲೆಗಳನ್ನು ಅದರ ಮೇಲಿಟ್ಟು ರಾತ್ರಿಯಿಡೀ ಬೆಚ್ಚಗಿಡುತ್ತಾರೆ. ಔಷಧ ಫಲಿಸಿದರೆ ಬಿಲ್ಲೆಯ ಸುತ್ತ ತಿಳಿಯಾದ ವೃತ್ತ ಮೂಡುತ್ತದೆ. ಫಲಿಸದಿದ್ದರೆ ಬ್ಯಾಕ್ಟೀರಿಯಾ ಬಿಲ್ಲೆಯ ಅಂಚಿನವರೆಗೂ ಒತ್ತಾಗಿ ಬೆಳೆದಿರುತ್ತದೆ. ತೀವ್ರ ಸೋಂಕುಗಳಿಗೆಂದು ಕಾಯ್ದಿಟ್ಟುಕೊಳ್ಳುವ ಕಾರ್ಬಪೆನೆಮ್ ಎಂಬ ಪ್ರಬಲ ಆ್ಯಂಟಿಬಯಾಟಿಕ್ ಗುಂಪಿನ ಬಿಲ್ಲೆಯ ಸುತ್ತಲೂ ಅಂಥ ಬೆಳವಣಿಗೆ ಕಾಣುವುದು ಈಗ ಅಪರೂಪವಲ್ಲ.

ಪ್ರತಿರೋಧದ ಜೀನ್‌ಗಳನ್ನು ಹೊತ್ತ ಪ್ಲಾಸ್ಮಿಡ್‌ಗಳು, ಅಂದರೆ ಬ್ಯಾಕ್ಟೀರಿಯಾದೊಳಗಿನ ಪುಟ್ಟ ಡಿಎನ್‌ಎ ತುಣುಕುಗಳು, ಒಂದು ಬಗೆಯ ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ನೇರವಾಗಿ ದಾಟಬಲ್ಲವು. ಹೀಗಾಗಿ ಔಷಧವನ್ನು ಎಂದೂ ದುರ್ಬಳಕೆ ಮಾಡದವರಿಗೂ ಈ ಸೋಂಕು ತಗಲುತ್ತದೆ. ಸಿಸೇರಿಯನ್ ಹೆರಿಗೆ, ಮೂಳೆಯ ಶಸ್ತ್ರಚಿಕಿತ್ಸೆ, ಕಿಮೊಥೆರಪಿ ಎಲ್ಲವೂ ಪರಿಣಾಮಕಾರಿ ಆ್ಯಂಟಿಬಯಾಟಿಕ್‌ಗಳನ್ನು ನಂಬಿಯೇ ನಡೆಯುವಂಥವು. ನವಜಾತ ಶಿಶುವಿನ ರಕ್ತಕ್ಕೆ ಸೋಂಕು ತಗಲಿದಾಗಲಂತೂ ವರದಿ ಬರುವವರೆಗೆ ಕಾಯುವಷ್ಟು ವ್ಯವಧಾನವೂ ಇರುವುದಿಲ್ಲ. ಆಗ ಮೊದಲು ಯಾವ ಔಷಧ ಕೊಡಬೇಕೆಂಬುದಕ್ಕೆ ಆಧಾರವಾಗುವುದು, ಅದೇ ಆಸ್ಪತ್ರೆಯ ಪ್ರಯೋಗಾಲಯ ಹಿಂದಿನ ರೋಗಿಗಳ ಪರೀಕ್ಷೆಗಳಿಂದ ಕೂಡಿಟ್ಟ ಮಾಹಿತಿ. ಪ್ರಯೋಗಾಲಯವೇ ಇಲ್ಲದಿದ್ದರೆ ಆ ಮಾಹಿತಿಯಾದರೂ ಎಲ್ಲಿಂದ ಬರಬೇಕು?

2021ರಲ್ಲಿ ಔಷಧ ನಿರೋಧಕ ಬ್ಯಾಕ್ಟೀರಿಯಾ ಸೋಂಕೇ ನೇರ ಕಾರಣವಾಗಿ ಜಗತ್ತಿನಾದ್ಯಂತ ಸುಮಾರು 11.4 ಲಕ್ಷ ಜನ ಸತ್ತಿದ್ದಾರೆಂದು ಅಂದಾಜಿಸಲಾಗಿದೆ. ಈ ಪ್ರತಿರೋಧದೊಂದಿಗೆ ನಂಟಿರುವ ಸಾವುಗಳನ್ನು 2030ರೊಳಗೆ ಶೇ 10ರಷ್ಟು ತಗ್ಗಿಸುವುದಾಗಿ 2024ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ದೇಶಗಳು ಮಾತು ಕೊಟ್ಟಿವೆ. ಇದು ನನ್ನ ದೃಷ್ಟಿಯಲ್ಲಿ ತೀರಾ ಸಣ್ಣ ಗುರಿ. ಅದನ್ನಾದರೂ ಮುಟ್ಟಬೇಕಾದರೆ ಆರೋಗ್ಯ ಬಜೆಟ್‌ಗಳಲ್ಲಿ ಹೊಸ ಕಟ್ಟಡ ಮತ್ತು ದುಬಾರಿ ಯಂತ್ರಗಳಿಗೆ ಸಿಗುವ ಆದ್ಯತೆ ಸೂಕ್ಷ್ಮಜೀವಿ ಪ್ರಯೋಗಾಲಯಗಳಿಗೂ, ಅಲ್ಲಿ ಖಾಲಿ ಬಿದ್ದಿರುವ ತಂತ್ರಜ್ಞರ ಹುದ್ದೆಗಳಿಗೂ ಸಿಗಬೇಕು. ಲಸಿಕೆ, ಶುದ್ಧ ನೀರು ಮತ್ತು ವಾರ್ಡುಗಳಲ್ಲಿ ಕೈ ಸ್ವಚ್ಛತೆಗೂ ಇದೇ ಮಹತ್ವವಿದೆ. ಔಷಧ ಸಂವೇದನಾ ಪರೀಕ್ಷೆಯ ವೆಚ್ಚವನ್ನು ರೋಗಿಯ ತಲೆಗೆ ಕಟ್ಟದೆ ಸರ್ಕಾರಗಳೇ ಭರಿಸಬೇಕೆಂದು ಒತ್ತಾಯಿಸುತ್ತೇನೆ.

ಇತಿ,
ಓರ್ವ ಓದುಗ