ತೊಟ್ಟಿಕ್ಕುವ ಮಿನಾಳ ಊರು

ಮಾನ್ಯರೆ,

ಕಳೆದ ಭಾನುವಾರದ ಪುರವಣಿಯಲ್ಲಿ ಜರ್ಮನಿಯ ವುಪ್ಪರ್ಟಾಲ್ ನಗರದ ತೂಗುರೈಲಿನ ಬಗ್ಗೆ ಬಂದ ಲೇಖನ ಓದಿದೆ. ರೈಲಿನ ವಿವರ ಚೆನ್ನಾಗಿತ್ತು. ಆದರೆ ಅದು ಬರೀ ಕಾರ್ಖಾನೆಗಳ ಊರು, ತನ್ನದೆಂಬ ಊಟ-ತಿಂಡಿ ಇಲ್ಲ ಎಂದದ್ದನ್ನು ಒಪ್ಪಲಾರೆ. ಮಗಳ ಬಾಣಂತನಕ್ಕೆ ಹೋಗಿ ನಾವಿಬ್ಬರೂ ಅಲ್ಲಿ ಮೂರು ತಿಂಗಳು ಇದ್ದೆವು.

ನಾನು ಬಟ್ಟೆ ಮಿಲ್ಲಿನ ಡೈಯಿಂಗ್ ಸೆಕ್ಷನ್ನಿನಲ್ಲಿ 27 ವರ್ಷ ದುಡಿದವನು. ಗಡಸು ನೀರಿನಲ್ಲಿ ಬಣ್ಣ ನೂಲಿಗೆ ಸಮನಾಗಿ ಹಿಡಿಯುವುದಿಲ್ಲ. ಆ ನೀರಿನೊಡನೆ ಗುದ್ದಾಡಿಯೇ ಆಯುಷ್ಯ ಕಳೆಯಿತು. ವುಪ್ಪರ್ ನದಿಯ ನೀರಿನಲ್ಲಿ ಸುಣ್ಣದಂಶ ತೀರಾ ಕಡಿಮೆ. ಆ ಊರಿನ ಕಥೆ ಶುರುವಾಗುವುದೇ ಅಲ್ಲಿಂದ. ದಡದ ಹುಲ್ಲಿನ ಮೇಲೆ ನೂಲು ಹರವಿ, ನೀರು ಚಿಮುಕಿಸುತ್ತ ಬಿಸಿಲಿಗೆ ಬಿಳುಪು ಮಾಡುತ್ತಿದ್ದರು. 1527ರಲ್ಲಿ ಅಲ್ಲಿನ ಡ್ಯೂಕ್ ಈ ಕಸುಬಿನ ಹಕ್ಕನ್ನು, ಈಗ ವುಪ್ಪರ್ಟಾಲ್‌ಗೆ ಸೇರಿರುವ ಎಲ್ಬರ್‌ಫೆಲ್ಡ್, ಬಾರ್ಮೆನ್ ಊರುಗಳಿಗೆ ಕೊಟ್ಟ. ಬಿಳುಪಿನ ಬೆನ್ನಿಗೆ ಬಣ್ಣ ಬಂತು. ಬಾರ್ಮೆನ್‌ನ ಗಿರಣಿ ಮಾಲೀಕರ ಮಗ, ಮುಂದೆ ಕಾರ್ಲ್ ಮಾರ್ಕ್ಸ್‌ನ ಸಂಗಾತಿಯಾದ ಫ್ರೆಡರಿಕ್ ಎಂಗೆಲ್ಸ್, ಬಣ್ಣದ ಕಾರ್ಖಾನೆಗಳಿಂದ ನದಿ ಕೆಂಪಾಗಿ ಹರಿಯುವುದನ್ನು 1839ರಲ್ಲೇ ಬರೆದಿದ್ದಾನೆ. ಅದನ್ನು ತಿಳಿದಾಗ ನಮ್ಮ ಸೆಕ್ಷನ್ನಿನ ಹಿಂದಿನ ಮೋರಿ ಕಣ್ಣಿಗೆ ಬಂತು. ಬೇಯರ್ ಕಂಪನಿ 1863ರಲ್ಲಿ ಬಾರ್ಮೆನ್‌ನಲ್ಲಿ ಹುಟ್ಟಿದ್ದೂ ಬಣ್ಣ ತಯಾರಿಸಲೆಂದೇ. ಅದು ಆಸ್ಪಿರಿನ್ ಮಾತ್ರೆ ಮಾಡಿದ್ದು ಆಮೇಲಿನ ಮಾತು. ಕಿರಿದಾದ ಕಣಿವೆಯಲ್ಲಿ ಗಿರಣಿ, ಮನೆ ಕಿಕ್ಕಿರಿದು ಹಳಿಗೆ ಜಾಗ ಉಳಿದದ್ದು ನದಿಯ ಮೇಲೆ ಮಾತ್ರ. 1901ರಲ್ಲಿ ತೂಗುರೈಲು ಬಂದದ್ದು ಹಾಗೆ.

ಒಂದು ಭಾನುವಾರ ಪಕ್ಕದ ಮನೆಯ ಅಜ್ಜಿ ‘ಬೆರ್ಗಿಷೆ ಕಾಫಿಟಾಫೆಲ್’ಗೆ ಕರೆದರು. ಆ ಸೀಮೆಯವರು ಹಬ್ಬಕ್ಕೆ, ನೆಂಟರಿಗೆ ಹಾಕುವ ಕಾಫಿ ಪಂಕ್ತಿ ಅದು. ಒಣದ್ರಾಕ್ಷಿಯ ಸಿಹಿ ಬ್ರೆಡ್ಡಿಗೆ ಬೆಣ್ಣೆ, ಮೇಲೆ ಸೇಬಿನ ರಸ ಕಾಯಿಸಿ ಇಳಿಸಿದ, ನಮ್ಮ ಜೋನಿಬೆಲ್ಲದಂಥ ಕಪ್ಪು ಪಾಕ, ಅದರ ಮೇಲೆ ಹಾಲಿನಲ್ಲಿ ಬೆಂದ ಗಟ್ಟಿ ಅನ್ನ, ಸಕ್ಕರೆ, ಚಕ್ಕೆಪುಡಿ. ಬ್ರೆಡ್ಡಿಗೆ ಅನ್ನ ಹಚ್ಚುವುದನ್ನು ಕಂಡು ನಮ್ಮ ಮನೆಯವರು ನನ್ನ ಮುಖ ನೋಡಿದರು. ತಿಂದು, ಇನ್ನೊಂದಕ್ಕೂ ಕೈ ಚಾಚಿದರು. ಬಿಸಿ ಚೆರ್ರಿಯ ಜೊತೆ ವಾಫೆಲ್ ಬೇರೆ.

ಮೇಜಿನ ನಡುವೆ ಮೂರು ಕಾಲಿನ, ಹೊಟ್ಟೆ ಉಬ್ಬಿದ ತವರದ ಪಾತ್ರೆ, ಬುಡದಲ್ಲಿ ಪುಟ್ಟ ನಲ್ಲಿ. ಹೆಸರು ಡ್ರೊಪ್ಪೆಲ್‌ಮಿನಾ, ಅಂದರೆ ತೊಟ್ಟಿಕ್ಕುವ ಮಿನಾ. ಕಾಫಿಯ ಚರಟ ನಲ್ಲಿಗೆ ಸಿಕ್ಕಿಕೊಂಡು ಧಾರೆ ಹೋಗಿ ಹನಿ ಬೀಳುವುದರಿಂದ ಆ ಹೆಸರು. ಅಜ್ಜಿ ಹೆಣಿಗೆ ಕಡ್ಡಿಯಿಂದ ಅದರ ಬಾಯಿ ಬಿಡಿಸಿ ನಮಗೆ ಬಗ್ಗಿಸಿದರು. ಆ ಮಿನಾ ಅವರ ಅತ್ತೆಯದು. ಆಕೆ ಬಾರ್ಮೆನ್‌ನ ರಿಬ್ಬನ್ ಕಾರ್ಖಾನೆಯಲ್ಲಿ ಕೂಲಿ ಮಾಡುತ್ತಿದ್ದರಂತೆ.

ಲೇಖಕರು ಇನ್ನೊಮ್ಮೆ ಹೋದರೆ ದಯಮಾಡಿ ರೈಲಿಳಿದು ಆ ಪಂಕ್ತಿಗೆ ಕೂರಲಿ.

— ನಿವೃತ್ತ ಡೈಯಿಂಗ್ ಮೇಸ್ತ್ರಿ, ದಾವಣಗೆರೆ