ಇನ್ನೊಂದು ವರ್ಷ ನೋಡು, ಪುಟ್ಟಿ

ಮೂಡಿಗೆರೆ

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ಬಂತು. ಬೇರೆ ಸುದ್ದಿಗೆಲ್ಲ ಆಮೇಲೆ ಉತ್ತರ ಬರೆಯುತ್ತೇನೆ. ಕೊನೆಯಲ್ಲಿ ಬರೆದಿದ್ದೀಯಲ್ಲ, 'ದೊಡ್ಡಮ್ಮ, ಸಂಶೋಧನೆಗೆ ಅಂತ ನಾನು ನೋಡುತ್ತಿರುವ ಆಕಾಶದ ಅನಿಲದ ಮೋಡದೊಳಗೆ ಒಂದು ನಕ್ಷತ್ರವೂ ಹುಟ್ಟಿಲ್ಲ. ಹುಟ್ಟದೇ ಚದುರಿ ಹೋಗಬಹುದು. ನಾನೂ ಹಾಗೇ ಆಗ್ತೀನೇನೋ' ಅಂತ. ಅದನ್ನು ಓದಿದ ಮೇಲೆ ನಿದ್ದೆ ಬರಲಿಲ್ಲ.

ಮೋಡ ಚದುರುತ್ತದೆ, ನಿಜ. ದೊಡ್ಡ ಮೋಡದ ನೂರು ಪಾಲಿನಲ್ಲಿ ನಕ್ಷತ್ರ ಆಗುವುದು ಕೆಲವೇ ಪಾಲು ಅಂತ ನೀನೇ ಹೇಳಿದ್ದೆ. ಅದನ್ನು ನಾನು ಸುಳ್ಳು ಅನ್ನಲಾರೆ. ಆದರೆ ಹೋದ ಜನವರಿಯಲ್ಲಿ ಕಾಫಿ ಕಣದಲ್ಲಿ ನಿಂತು, ಮಹಾವ್ಯಾಧ ನಕ್ಷತ್ರಪುಂಜವನ್ನು ತೋರಿಸುತ್ತಾ ಇನ್ನೊಂದು ಮಾತೂ ಹೇಳಿದ್ದೆ. ಮೈನಸ್ 263 ಡಿಗ್ರಿಯಂಥ ಚಳಿ ಇದ್ದರೇ ನಕ್ಷತ್ರ ಹುಟ್ಟುವ ಕೆಲಸ ಶುರುವಾಗುವುದು ಅಂತ. ಅನಿಲ ಬಿಸಿಯಾಗಿದ್ದರೆ ಹಿಗ್ಗಿ ಹೊರಕ್ಕೆ ದಬ್ಬುತ್ತದೆ. ತಣ್ಣಗಾದರೆ ಆ ಒತ್ತಡ ಕುಗ್ಗಿ, ಮೋಡ ತನ್ನ ಭಾರಕ್ಕೆ ತಾನೇ ಒಳಕ್ಕೆ ಕುಸಿಯುತ್ತದೆ. ಆಮೇಲೂ ಸೂರ್ಯನಂಥ ನಕ್ಷತ್ರದೊಳಗೆ ಜಲಜನಕ ಹೊತ್ತಿಕೊಳ್ಳಲು ಕೋಟಿಗಟ್ಟಲೆ ವರ್ಷ ಬೇಕು. ನೀನು ಸಂಶೋಧನೆಗೆ ಸೇರಿ ಇನ್ನೂ ಮೂರು ವರ್ಷವೂ ಆಗಿಲ್ಲ.

ನೀನು ಕೊಟ್ಟ ಬಾರ್ನಾರ್ಡ್ 68 ಅನ್ನುವ ಮೋಡದ ಚಿತ್ರ ಬೀರುವಿನ ಬಾಗಿಲ ಮೇಲಿದೆ. ಅರ್ಧ ಜ್ಯೋತಿರ್ವರ್ಷ ಅಗಲ, ಸುಮಾರು ಎರಡು ಸೂರ್ಯರಷ್ಟು ಸರಕು, ಆದರೂ ನೋಡಿದರೆ ಬರೀ ಕಪ್ಪು. ಹಿಂದಿನ ಕಾಲದ ಖಗೋಳಜ್ಞ ವಿಲಿಯಂ ಹರ್ಷೆಲ್ ಅಂಥ ಜಾಗ ನೋಡಿ ಆಕಾಶದಲ್ಲಿ ತೂತು ಬಿದ್ದಿದೆ ಅಂದುಕೊಂಡಿದ್ದ. ಬೆಳಕನ್ನು ತಡೆಯುತ್ತಿದ್ದದ್ದು ಧೂಳು. ಅಷ್ಟು ಚಳಿಯಲ್ಲಿ ಜಲಜನಕದ ಅಣುವೂ ಬೆಳಕು ಸೂಸುವುದಿಲ್ಲ. 1970ರಲ್ಲಿ, ಇಂಥ ಮೋಡಗಳಲ್ಲಿ ಬೆರೆತಿರುವ ಕಾರ್ಬನ್ ಮಾನಾಕ್ಸೈಡ್ ಅನಿಲ ಸೂಸುವ 2.6 ಮಿಲಿಮೀಟರ್ ರೇಡಿಯೋ ಅಲೆ ಸಿಕ್ಕಿದ ಮೇಲೆ ತಾನೇ ಇವುಗಳ ಒಳಗು ತಿಳಿಯುತ್ತಾ ಬಂದದ್ದು? ನಿನಗೆ ಪಾಠ ಹೇಳುತ್ತಿಲ್ಲ ಮಗಾ. ಏನೂ ಕಾಣುತ್ತಿಲ್ಲ ಅಂದ ಮಾತ್ರಕ್ಕೆ ಏನೂ ಇಲ್ಲ ಅಂತ ನೀನು ಹೇಗೆ ಬರೆದೆ, ಅದೇ ನನಗೆ ಬೇಜಾರು.

ಕಾಫಿ ಹೂ ಅರಳಿಸುವ ಹೂಮಳೆಗೆ ಮುಂಚೆ ನಮ್ಮ ತೋಟ ನೋಡಿದ್ದೀಯಲ್ಲ. ಮೊಗ್ಗು ರೆಂಬೆಗೆ ಅಂಟಿಕೊಂಡು ಅಲ್ಲಾಡದೆ ಕೂತಿರುತ್ತದೆ. ಮಳೆಗೆ ಮುಂಚಿನ ಆ ಒಣ ಹವೆ ಸಿಗದಿದ್ದರೆ ಮಳೆ ಬಂದರೂ ಹೂ ಸರಿಯಾಗಿ ಬಿಡುವುದಿಲ್ಲ.

ಒಂದು ವಿಷಯ ನಿನ್ನ ಅಮ್ಮನಿಗೂ ಗೊತ್ತಿಲ್ಲ. ಬಿಎಸ್ಸಿ ಆದ ಮೇಲೆ ನಾನು ಮಾನಸಗಂಗೋತ್ರಿಗೆ ಅರ್ಜಿ ತರಿಸಿದ್ದೆ. ಭೌತಶಾಸ್ತ್ರ ಎಂಎಸ್ಸಿಗೆ. ಹೆಸರು, ಊರು ತುಂಬಿ, ಫೋಟೋ ಕೂಡ ಅಂಟಿಸಿದ್ದೆ. ಅಷ್ಟರಲ್ಲಿ ಮದುವೆ ಗೊತ್ತಾಯಿತು. ಅರ್ಜಿ ಟ್ರಂಕಿನಲ್ಲಿ ಸೀರೆಗಳ ಅಡಿಗೆ ಹೋಯಿತು. ನಿನ್ನ ದೊಡ್ಡಪ್ಪ ಒಳ್ಳೆಯವರೇ, ಅವರ ಮೇಲೆ ದೂರಿಲ್ಲ. ಹೈಸ್ಕೂಲಿನಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸಿದ್ದರಲ್ಲೂ ಸಂತೋಷವಿತ್ತು. ಆದರೆ ಆಗ ಒಬ್ಬರಾದರೂ 'ಇನ್ನೊಂದು ವರ್ಷ ನೋಡು' ಅಂದಿದ್ದರೆ ಅಂತ ಈಗಲೂ ಸಂಕಟವಾಗುತ್ತದೆ. ಅದಕ್ಕೇ ಆ ಮಾತನ್ನು ನಾನು ನಿನಗೆ ಹೇಳುತ್ತಿದ್ದೇನೆ. ಇನ್ನೊಂದು ವರ್ಷ ನೋಡು.

ನಿನ್ನ ಕೆಲಸದ ಒಳಹೊರಗು ನನಗೆ ತಿಳಿಯದು, ತಪ್ಪು ತಿಳಿಯಬೇಡ. ಈ ಭಯವನ್ನು ನಿನ್ನ ಗೈಡ್ ಹತ್ತಿರ ಬಾಯಿಬಿಟ್ಟು ಹೇಳು. ಮೋಡ ಯಾಕೆ ಕುಸಿಯಲಿಲ್ಲ ಅನ್ನುವುದೂ ಒಂದು ಥೀಸಿಸ್ ಆಗಬಹುದು ಅಲ್ವಾ? ರಾತ್ರಿ ಊಟ ಬಿಡಬೇಡ. ಬಿಟ್ಟರೆ ಇಂಥ ಯೋಚನೆ ಜಾಸ್ತಿ.

ಮತ್ತೆ ಅದಕ್ಕೇ ಬರುತ್ತೇನೆ. ಮೋಡ ಚದುರಿದರೂ ನೀನು ಚದುರುವುದಿಲ್ಲ. ಅದರ ಲೆಕ್ಕ ಬೇರೆ, ನಿನ್ನದು ಬೇರೆ. ಭಾನುವಾರ ಫೋನ್ ಮಾಡು. ಹೆದರಿಕೆ ಹೋಗಿರದಿದ್ದರೆ ಅದನ್ನೇ ಮಾತಾಡೋಣ, ಬೇರೇನೂ ಬೇಡ.

ನಿನ್ನ
ದೊಡ್ಡಮ್ಮ